ಬೊಮ್ಮಾಯಿ ಪ್ರಕರಣ ಮತ್ತು ಸಂಸತ್ತಿನ ಹೊಣೆ: ಒಂದು ವಿಮರ್ಶೆ

ದಿವಂಗತ ಎಸ್. ಆರ್. ಬೊಮ್ಮಾಯಿಯವರ ಹೆಸರು ನಮ್ಮ ನಾಡಿನಲ್ಲಿ ಎರಡು ರೀತಿಯಿಂದ ಉಳಿದುಕೊಂಡು ಬಂದಿದೆ. ಹುಬ್ಬಳ್ಳಿಯ ಹಿರಿಯರಿಗೆ ಅವರು ತಮ್ಮ ಊರಿನ ವಕೀಲರು, ಹುಬ್ಬಳ್ಳಿ ಗ್ರಾಮಾಂತರ ಕ್ಷೇತ್ರದ ಶಾಸಕರು, ಕೆಲಕಾಲ ರಾಜ್ಯದ ಮುಖ್ಯಮಂತ್ರಿಗಳು. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗಾದರೋ ಅವರು ಒಂದು ತೀರ್ಪಿನ ಹೆಸರು. ೧೯೯೪ನೆಯ ಮಾರ್ಚ್ ೧೧ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಕೊಟ್ಟ ಆ ತೀರ್ಪನ್ನು ನಾವು ತರಗತಿಗಳಲ್ಲಿ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತೇವೆ: ಮಂತ್ರಿಮಂಡಲದ ಬಹುಮತವನ್ನು ಅಳೆಯುವ ಸ್ಥಳ ರಾಜಭವನವಲ್ಲ, ಸದನ. ಪರೀಕ್ಷೆಯ ಉತ್ತರಪತ್ರಿಕೆಗೆ ಈ ವಾಕ್ಯ ಸಾಕಾಗಬಹುದು. ಆದರೆ ಆ ತೀರ್ಪು ಸದನದ ವಿಜಯವೆಂದು ಮಾತ್ರ ಬಗೆದರೆ ಅದರ ಅರ್ಧವನ್ನಷ್ಟೇ ಓದಿದಂತಾಗುವುದು. ಉಳಿದರ್ಧದಲ್ಲಿ ಅದು ಇನ್ನೊಂದು ಸದನದ, ಎಂದರೆ ಸಂಸತ್ತಿನ ಮೇಲೆ ಬರೆದ ಆಕ್ಷೇಪಣೆಯೂ ಆಗಿದೆ ಎಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ಸಂಗತಿಗಳನ್ನು ನೆನೆಯೋಣ. ೧೯೮೫ರ ಚುನಾವಣೆಯಲ್ಲಿ ಜನತಾ ಪಕ್ಷವು ಕರ್ನಾಟಕ ವಿಧಾನಸಭೆಯ ೨೨೪ ಸ್ಥಾನಗಳ ಪೈಕಿ ೧೩೯ನ್ನು ಗೆದ್ದಿತ್ತು. ರಾಮಕೃಷ್ಣ ಹೆಗಡೆಯವರ ರಾಜೀನಾಮೆಯ ತರುವಾಯ ೧೯೮೮ನೆಯ ಆಗಸ್ಟ್ ೧೩ರಂದು ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. ೧೯೮೯ರ ಏಪ್ರಿಲ್ ೧೫ರಂದು ಮಂತ್ರಿಮಂಡಲದ ವಿಸ್ತರಣೆಯಾಯಿತು. ಅಲ್ಲಿಂದ ಕೆಲವೇ ದಿನಗಳಲ್ಲಿ ಆಡಳಿತ ಪಕ್ಷದ ಶಾಸಕರೊಬ್ಬರು, ಸರಕಾರಕ್ಕೆ ಕೊಟ್ಟ ಬೆಂಬಲವನ್ನು ಹಿಂತೆಗೆದುಕೊಳ್ಳುವ ೧೯ ಪತ್ರಗಳನ್ನು ರಾಜ್ಯಪಾಲರಾದ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. ಏಪ್ರಿಲ್ ೧೯ರಂದು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ವರದಿ ಕಳಿಸಿದರು. ಮರುದಿನವೇ ಆ ಹತ್ತೊಂಬತ್ತರಲ್ಲಿ ಏಳು ಮಂದಿ ತಾವು ಸರಕಾರದ ಪರವೇ ಇರುವುದಾಗಿ ಬರೆದುಕೊಟ್ಟರು. ಮುಖ್ಯಮಂತ್ರಿಗಳು ತಮ್ಮ ಕಾನೂನು ಮಂತ್ರಿಗಳೊಡನೆ ರಾಜ್ಯಪಾಲರನ್ನು ಕಂಡು, ವಿಧಾನಸಭೆಯನ್ನು ಕೂಡಿಸಿ ಬಹುಮತವನ್ನು ಅಲ್ಲಿಯೇ ಪರೀಕ್ಷಿಸಬಹುದೆಂದು ಕೇಳಿಕೊಂಡರು. ರಾಜ್ಯಪಾಲರು ಒಪ್ಪಲಿಲ್ಲ, ಅದೇ ದಿನ ಎರಡನೆಯ ವರದಿಯನ್ನು ಕಳಿಸಿದರು. ಏಪ್ರಿಲ್ ೨೧ರಂದು ಸಂವಿಧಾನದ ೩೫೬ನೆಯ ಅನುಚ್ಛೇದದ ಮೇರೆಗೆ ಉದ್ಘೋಷಣೆ ಹೊರಟು ಮಂತ್ರಿಮಂಡಲ ವಜಾ ಆಯಿತು, ವಿಧಾನಸಭೆ ವಿಸರ್ಜಿತವಾಯಿತು. ಕರ್ನಾಟಕದ ಉಚ್ಚ ನ್ಯಾಯಾಲಯವು ಬೊಮ್ಮಾಯಿಯವರ ಅರ್ಜಿಯನ್ನು ತಳ್ಳಿಹಾಕಿತು. ವ್ಯಾಜ್ಯವು ದಿಲ್ಲಿಗೆ ಹೋಯಿತು.

ಇಷ್ಟನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಆದರೆ ಉದ್ಘೋಷಣೆಗೂ ತೀರ್ಪಿಗೂ ನಡುವೆ ನಡೆದ ಒಂದು ಸಂಗತಿಯನ್ನು ಅನೇಕರು ದಾಟಿ ಹೋಗುತ್ತಾರೆ. ಅದೆಂದರೆ, ಈ ಉದ್ಘೋಷಣೆಗೆ ಸಂಸತ್ತಿನ ಎರಡೂ ಸದನಗಳು ಒಪ್ಪಿಗೆಯಿತ್ತಿದ್ದವು. ಮುಂದೆ ಯಾವ ಉದ್ಘೋಷಣೆಯನ್ನು ಸರ್ವೋಚ್ಚ ಪೀಠದ ಬಹುಮತವು ಸಂವಿಧಾನಬಾಹಿರವೆಂದು ಸಾರಿತೋ, ಅದೇ ಉದ್ಘೋಷಣೆಯು ಲೋಕಸಭೆಯಲ್ಲಿಯೂ ರಾಜ್ಯಸಭೆಯಲ್ಲಿಯೂ ಯಾವ ತೊಡಕೂ ಇಲ್ಲದೆ ಪಾರಾಗಿತ್ತು. ಇದು ಹೇಗಾಯಿತು? ಈ ಪ್ರಶ್ನೆಗೆ ಉತ್ತರವು ವ್ಯಕ್ತಿಗಳ ಗುಣದೋಷಗಳಲ್ಲಿಲ್ಲ. ಸಂಸತ್ತಿನ ರಚನೆಯಲ್ಲಿಯೂ ಅದರ ಕಾರ್ಯವಿಧಾನದಲ್ಲಿಯೂ ಇದೆ ಎಂಬುದು ನಮ್ಮ ಮತ.

೩೫೬ನೆಯ ಅನುಚ್ಛೇದದ ಮೂಲವು ೧೯೩೫ರ ಭಾರತ ಸರಕಾರ ಶಾಸನದ ೯೩ನೆಯ ಕಲಮಿನಲ್ಲಿದೆ. ನಮ್ಮ ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ೧೯೩೯ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ರಾಜೀನಾಮೆ ಕೊಟ್ಟ ಮೇಲೆ ೧೯೪೬ರವರೆಗೆ ಆ ಪ್ರಾಂತದಲ್ಲಿ ಗವರ್ನರರ ಆಳಿಕೆ ನಡೆದದ್ದು ಇದೇ ಕಲಮಿನ ಬಲದಿಂದ. ಸಂವಿಧಾನ ಸಭೆಯ ಸದಸ್ಯರು ಇದರ ಅಪಾಯವನ್ನು ಅರಿಯದವರೇನಲ್ಲ. ೧೯೪೯ನೆಯ ಆಗಸ್ಟ್ ೪ರಂದು ಡಾ. ಅಂಬೇಡ್ಕರರು ಇಂಥ ಅನುಚ್ಛೇದಗಳು ಬಳಕೆಗೆ ಬಾರದೆ ಸತ್ತ ಅಕ್ಷರಗಳಾಗಿ ಉಳಿಯಲೆಂಬ ಆಶೆಯನ್ನು ವ್ಯಕ್ತಪಡಿಸಿದ್ದರು. ಆದರೂ ಅವರು ಆಶೆಯೊಂದನ್ನೇ ನೆಚ್ಚಿ ಕೂಡಲಿಲ್ಲ. ಉದ್ಘೋಷಣೆಯನ್ನು ಸಂಸತ್ತಿನ ಎರಡೂ ಸದನಗಳ ಮುಂದಿಡಬೇಕು, ಎರಡು ತಿಂಗಳೊಳಗೆ ಎರಡೂ ಸದನಗಳು ಗೊತ್ತುವಳಿಯಿಂದ ಒಪ್ಪದಿದ್ದರೆ ಅದು ತಾನಾಗಿಯೇ ಬಿದ್ದುಹೋಗಬೇಕು ಎಂಬ ನಿಬಂಧನೆಯನ್ನು ಹಾಕಲಾಯಿತು. ಎಂದರೆ, ಬಾಗಿಲನ್ನು ತೆರೆಯುವ ಅಧಿಕಾರ ಕಾರ್ಯಾಂಗದ್ದು. ಕೀಲಿಕೈ ಮಾತ್ರ ಸಂಸತ್ತಿನದು.

ಕೀಲಿಕೈ ಹಿಡಿದವನು ಬಾಗಿಲು ತೆರೆಯುವವನ ಮಾತಿಗೆ ಕಟ್ಟುಬಿದ್ದವನಾದರೆ ಕೀಲಿಯ ಪ್ರಯೋಜನವೇನು? ಸಂಸದೀಯ ಪದ್ಧತಿಯಲ್ಲಿ ಇದು ಸುಲಭವಾಗಿ ಬಿಡಿಸಲಾಗದ ಗಂಟು. ಲೋಕಸಭೆಯಲ್ಲಿ ಬಹುಮತವಿದ್ದವರೇ ಮಂತ್ರಿಮಂಡಲವನ್ನು ರಚಿಸುತ್ತಾರೆ. ಆ ಮಂತ್ರಿಮಂಡಲದ ಸಲಹೆಯ ಮೇಲೆಯೇ ರಾಷ್ಟ್ರಪತಿಗಳು ಉದ್ಘೋಷಣೆಯನ್ನು ಹೊರಡಿಸುತ್ತಾರೆ. ಅದೇ ಮಂತ್ರಿಮಂಡಲದ ಗೃಹಮಂತ್ರಿಗಳು ಒಪ್ಪಿಗೆಯ ಗೊತ್ತುವಳಿಯನ್ನು ಮಂಡಿಸುತ್ತಾರೆ. ಅದೇ ಬಹುಮತವು ಕೈಯೆತ್ತುತ್ತದೆ. ಸದನದ ಕೆಲಸದ ಹೊತ್ತನ್ನು ಹಂಚುವ ಸಲಹಾ ಸಮಿತಿಗೆ ಸಭಾಧ್ಯಕ್ಷರೇ ಮುಖಂಡರಾದರೂ, ಸರಕಾರಿ ಕಲಾಪಗಳ ಕ್ರಮವನ್ನು ನಿಶ್ಚಯಿಸುವವರು ಸರಕಾರದವರೇ. ೧೯೮೪ರ ಚುನಾವಣೆಯಲ್ಲಿ ಆಗಿನ ಆಡಳಿತ ಪಕ್ಷವು ಲೋಕಸಭೆಯ ೪೦೦ಕ್ಕೂ ಮೇಲ್ಪಟ್ಟ ಸ್ಥಾನಗಳನ್ನು ಪಡೆದಿತ್ತು. ಅಂಥ ಸದನದಲ್ಲಿ ಕರ್ನಾಟಕದ ೨೮ ಸದಸ್ಯರು, ರಾಜ್ಯಸಭೆಯಲ್ಲಿ ಅದರ ೧೨ ಸದಸ್ಯರು, ಒಂದು ವೇಳೆ ಪಕ್ಷಭೇದ ಮರೆತು ಒಂದಾಗಿ ನಿಂತಿದ್ದರೂ ಫಲಿತಾಂಶವನ್ನು ಬದಲಿಸಲಾರದವರಾಗಿದ್ದರು. ಸದನದಲ್ಲಿ ವಿರೋಧದ ದನಿ ಏಳಲಿಲ್ಲವೆಂದು ನಾವು ಹೇಳುತ್ತಿಲ್ಲ. ದನಿ ಎಷ್ಟೇ ಗಟ್ಟಿಯಾಗಿದ್ದರೂ ಅದು ಮತವಾಗಿ ಪರಿಣಮಿಸುವ ದಾರಿ ಅಲ್ಲಿರಲಿಲ್ಲವೆಂಬುದೇ ನಮ್ಮ ಮಾತಿನ ತಾತ್ಪರ್ಯ.

ಈ ದಾರಿಯನ್ನು ಮತ್ತಷ್ಟು ಇಕ್ಕಟ್ಟಾಗಿಸಿದ ಸಂಗತಿ ಇನ್ನೊಂದಿದೆ. ೧೯೮೫ರಲ್ಲಿ ೫೨ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಪಕ್ಷಾಂತರದ ಪಿಡುಗನ್ನು ತಡೆಯುವುದು ಅದರ ಉದ್ದೇಶ. ಆ ಉದ್ದೇಶವನ್ನು ಯಾರೂ ಅಲ್ಲಗಳೆಯರು. ಆದರೆ ಪಕ್ಷದ ಆಜ್ಞೆಗೆ, ಎಂದರೆ ವಿಪ್ಪಿಗೆ, ವಿರೋಧವಾಗಿ ಮತ ಹಾಕಿದ ಸದಸ್ಯನು ತನ್ನ ಸ್ಥಾನವನ್ನೇ ಕಳೆದುಕೊಳ್ಳುವಂತಾದುದು ಅದರ ಪರಿಣಾಮ. ೧೯೫೦ರಲ್ಲಿ ಸಂವಿಧಾನವು ಉದ್ಘೋಷಣೆಯ ಪರಿಶೀಲನೆಯನ್ನು ಒಪ್ಪಿಸಿದ್ದು, ಪಕ್ಷದ ಶಿಸ್ತಿಗೆ ಒಳಪಟ್ಟಿದ್ದರೂ ಕಾನೂನಿನಿಂದ ಬಾಯಿ ಕಟ್ಟಿಸಿಕೊಳ್ಳದ ಸದಸ್ಯರಿಗೆ. ೧೯೮೯ರಲ್ಲಿ ಅದೇ ಪರಿಶೀಲನೆಯನ್ನು ನಡೆಸಬೇಕಾದವರ ಸ್ಥಿತಿ ಬೇರೆಯಾಗಿತ್ತು. ಬೆಂಗಳೂರಿನಲ್ಲಿ ಶಾಸಕರ ನಿಷ್ಠೆಯ ವಿಷಯವಾಗಿ ಎದ್ದ ಜಗಳವನ್ನು ತೂಗಬೇಕಾಗಿದ್ದ ದಿಲ್ಲಿಯ ಸದಸ್ಯರಿಗೆ ತಮ್ಮ ನಿಷ್ಠೆಯನ್ನು ಸಡಿಲಿಸುವ ಸ್ವಾತಂತ್ರ್ಯವೇ ಇರಲಿಲ್ಲ. ಇದನ್ನು ವಿಧಿಯ ವಿನೋದವೆನ್ನಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸಂಸತ್ತಿನ ತೀರ್ಮಾನ ರಾಜಕೀಯವಾದದ್ದು, ನ್ಯಾಯಾಲಯದ್ದು ಕಾನೂನಿನದು. ಎರಡರ ಅಳತೆಗೋಲುಗಳೂ ಬೇರೆ. ಆದುದರಿಂದ ಒಂದರ ತಪ್ಪನ್ನು ಇನ್ನೊಂದರಿಂದ ಸಾಧಿಸುವುದು ಸರಿಯಲ್ಲ ಎಂದು ಕೆಲವರು ಹೇಳುವರು. ಈ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ೧೯೮೯ರ ಏಪ್ರಿಲಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗೆ ಕಾನೂನಿನ ಪಾಂಡಿತ್ಯ ಬೇಕಾಗಿರಲಿಲ್ಲ. ಹತ್ತೊಂಬತ್ತು ಪತ್ರಗಳಲ್ಲಿ ಏಳು ಹಿಂದೆ ಬಂದಿರುವಾಗ, ಮುಖ್ಯಮಂತ್ರಿಗಳೇ ಸದನವನ್ನು ಕೂಡಿಸಲು ಸಿದ್ಧರಿರುವಾಗ, ಅದಕ್ಕೆ ಅವಕಾಶ ಕೊಡದಿರಲು ಕಾರಣವೇನು? ಈ ಪ್ರಶ್ನೆ ಸಂಸದನಿಗೆ ಸಹಜವಾದದ್ದು. ಸದನದ ಸದಸ್ಯನೇ ಸದನದ ಮರ್ಯಾದೆಯನ್ನು ಬಲ್ಲವನು. ಮೇಲಾಗಿ, ಬಹುಮತವನ್ನು ಸದನದಲ್ಲಿಯೇ ಪರೀಕ್ಷಿಸಬೇಕೆಂದು ಸರ್ಕಾರಿಯಾ ಆಯೋಗವು ೧೯೮೮ರಲ್ಲಿಯೇ ವರದಿ ಸಲ್ಲಿಸಿತ್ತು. ಆದುದರಿಂದ ತತ್ತ್ವವು ಅಪರಿಚಿತವಾಗಿತ್ತೆಂದು ಹೇಳುವಂತಿಲ್ಲ.

ಸಂಸತ್ತು ಕೀಲಿಕೈಯನ್ನು ಉಪಯೋಗಿಸಿದ ನಿದರ್ಶನವೇ ಇಲ್ಲವೆ? ಇದೆ, ಅದು ನಮ್ಮ ವಾದವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ೧೯೯೯ನೆಯ ಫೆಬ್ರವರಿಯಲ್ಲಿ ಬಿಹಾರದ ರಾಬ್ಡಿ ದೇವಿಯವರ ಮಂತ್ರಿಮಂಡಲವನ್ನು ವಜಾ ಮಾಡಲಾಯಿತು. ಲೋಕಸಭೆ ಒಪ್ಪಿಗೆ ಕೊಟ್ಟಿತು. ಆದರೆ ರಾಜ್ಯಸಭೆಯಲ್ಲಿ ಆಗಿನ ಕೇಂದ್ರ ಸರಕಾರಕ್ಕೆ ಬಹುಮತವಿರಲಿಲ್ಲ. ಗೊತ್ತುವಳಿ ಅಲ್ಲಿ ಬೀಳುವುದು ಖಚಿತವಾದಾಗ ಮಾರ್ಚ್ ತಿಂಗಳಲ್ಲಿ ಉದ್ಘೋಷಣೆಯನ್ನು ಹಿಂತೆಗೆದುಕೊಳ್ಳಲಾಯಿತು, ಹಳೆಯ ಮಂತ್ರಿಮಂಡಲ ಮರಳಿ ಬಂದಿತು. ವಿಸರ್ಜನೆಯಾಗದ, ಬೇರೆ ಬೇರೆ ಕಾಲದಲ್ಲಿ ಆಯ್ಕೆಗೊಂಡ ಸದಸ್ಯರಿಂದ ತುಂಬಿದ ಎರಡನೆಯ ಸದನವನ್ನು ಅಲಂಕಾರವೆಂದು ಹಳಿಯುವವರು ಈ ಪ್ರಸಂಗವನ್ನು ನೆನೆಯಬೇಕು. ಆದರೂ ಇದರಿಂದ ನಾವು ಹಿಗ್ಗಬೇಕಾದುದಿಲ್ಲ. ಅಂದು ತಡೆದದ್ದು ವಿವೇಚನೆಯಲ್ಲ, ಸಂಖ್ಯೆಯ ಆಕಸ್ಮಿಕ. ಎರಡೂ ಸದನಗಳಲ್ಲಿ ಒಂದೇ ಪಕ್ಷದ ಕೈ ಮೇಲಾಗಿದ್ದರೆ ಬಿಹಾರಕ್ಕೂ ಕರ್ನಾಟಕದ ಗತಿಯೇ ಬರುತ್ತಿತ್ತು.

ಬೊಮ್ಮಾಯಿ ತೀರ್ಪು ಈ ದೋಷವನ್ನು ಎಷ್ಟರಮಟ್ಟಿಗೆ ತಿದ್ದಿದೆ? ಮುಖ್ಯವಾಗಿ ಮೂರು ರೀತಿಯಿಂದ. ಮೊದಲನೆಯದಾಗಿ, ಉದ್ಘೋಷಣೆಗೆ ಆಧಾರವಾದ ಸಾಮಗ್ರಿಯನ್ನು ನ್ಯಾಯಾಲಯವು ಪರಿಶೀಲಿಸಬಹುದೆಂದು ಅದು ಸ್ಥಾಪಿಸಿತು. ಎರಡನೆಯದಾಗಿ, ಎರಡೂ ಸದನಗಳ ಒಪ್ಪಿಗೆ ದೊರೆಯುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ಹೊರತು ವಿಸರ್ಜಿಸುವಂತಿಲ್ಲವೆಂದಿತು. ಮೂರನೆಯದಾಗಿ, ಸಂಸತ್ತಿನ ಒಪ್ಪಿಗೆ ದೊರೆತ ಮೇಲೆಯೂ ಉದ್ಘೋಷಣೆ ಅಸಿಂಧುವಾದರೆ ಹಿಂದಿನ ಸ್ಥಿತಿಯನ್ನು ಮರಳಿ ತರುವ ಅಧಿಕಾರ ನ್ಯಾಯಾಲಯಕ್ಕುಂಟೆಂದಿತು. ಎರಡನೆಯ ಅಂಶ ಸಂಸತ್ತಿನ ಕೈಯನ್ನು ಬಲಪಡಿಸಿತು. ಮೂರನೆಯದು ಅದರ ಮೇಲಿನ ಅವಿಶ್ವಾಸವನ್ನು ಸೌಜನ್ಯದಿಂದ ಸೂಚಿಸಿತು. ಆದರೆ ಬೊಮ್ಮಾಯಿಯವರಿಗೆ ಇದರಿಂದ ದೊರೆತ ಪರಿಹಾರವೇನೂ ಇಲ್ಲ. ೧೯೮೯ರ ನವೆಂಬರಿನಲ್ಲಿ ಚುನಾವಣೆಗಳು ನಡೆದು ಹೊಸ ಸರಕಾರ ಬಂದಿತ್ತು. ಐದು ವರ್ಷಗಳಿಗೆ ಸಮೀಪವಾದ ಕಾಲದ ಮೇಲೆ ಬಂದ ನ್ಯಾಯವು ದೇಶಕ್ಕೆ ದಾರಿ ತೋರಿತು. ವಜಾ ಆದ ಮಂತ್ರಿಮಂಡಲಕ್ಕೂ ಅದನ್ನು ಆರಿಸಿದ ಮತದಾರರಿಗೂ ಏನನ್ನೂ ಮರಳಿಸಲಿಲ್ಲ. ನ್ಯಾಯಾಲಯದ ತಡೆಯು ಬರುವುದು ತಡವಾಗಿ. ಸಂಸತ್ತಿನ ತಡೆಯಾದರೋ ಎರಡು ತಿಂಗಳೊಳಗೆ ಬರಬಲ್ಲದು. ಎಂತಲೇ ಎರಡನೆಯದನ್ನು ಮೊದಲನೆಯದಕ್ಕೆ ವಹಿಸಿಕೊಟ್ಟು ಸುಮ್ಮನಿರುವುದು ಸರಿಯಲ್ಲ.

ಇನ್ನು ಸದನದೊಳಗಿನ ಪರೀಕ್ಷೆಯೂ ತಾನಾಗಿಯೇ ನಿರ್ದೋಷವಾದುದಲ್ಲ; ಅದು ಪೀಠದಲ್ಲಿ ಕುಳಿತವರನ್ನೂ ಕಾಲವನ್ನೂ ಅವಲಂಬಿಸಿದೆ. ೨೦೧೮ರ ಮೇ ತಿಂಗಳಲ್ಲಿ ಕರ್ನಾಟಕದ ಬಹುಮತ ಪರೀಕ್ಷೆಯ ದಿನವನ್ನು ಸರ್ವೋಚ್ಚ ನ್ಯಾಯಾಲಯವೇ ಗೊತ್ತುಪಡಿಸಬೇಕಾಯಿತು. ೨೦೧೯ರ ಜುಲೈ ೧೮ರಂದು ಮಂಡಿತವಾದ ವಿಶ್ವಾಸದ ಗೊತ್ತುವಳಿಗೆ ಮತ ಬಿದ್ದದ್ದು ಜುಲೈ ೨೩ರಂದು. ೯೯ಕ್ಕೆ ೧೦೫ ಮತಗಳಿಂದ ಅದು ಸೋತಿತು. ಅದೇ ತಿಂಗಳು ೧೭ ಶಾಸಕರು ಅನರ್ಹರಾದರು. ನವೆಂಬರ್ ೧೩ರಂದು ಸರ್ವೋಚ್ಚ ನ್ಯಾಯಾಲಯವು ಆ ಅನರ್ಹತೆಯನ್ನು ಎತ್ತಿಹಿಡಿದು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸಬಾರದೆಂಬ ಭಾಗವನ್ನು ಮಾತ್ರ ತೆಗೆದುಹಾಕಿತು. ಬೊಮ್ಮಾಯಿಯವರು ಬೇಡಿದ ಸದನದ ಪರೀಕ್ಷೆ ಈಗ ಎಲ್ಲರಿಗೂ ದೊರೆಯುತ್ತಿದೆ. ಆದರೆ ಪ್ರತಿಸಲವೂ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿಯೇ ಸದನವನ್ನು ಪ್ರವೇಶಿಸುವ ರೂಢಿ ಬೆಳೆಯುತ್ತಿರುವುದು ಶಾಸಕಾಂಗಕ್ಕೆ ಭೂಷಣವಲ್ಲ.

ಹಾಗಾದರೆ ಪರಿಹಾರವೇನು? ಸಂವಿಧಾನದೊಳಗೇ ಒಂದು ಸುಳಿವಿದೆ. ೧೯೭೮ರ ೪೪ನೆಯ ತಿದ್ದುಪಡಿಯು ೩೫೨ನೆಯ ಅನುಚ್ಛೇದದ ತುರ್ತುಪರಿಸ್ಥಿತಿಗೆ ಸಾಧಾರಣ ಬಹುಮತ ಸಾಲದೆಂದು ನಿಶ್ಚಯಿಸಿತು. ಒಟ್ಟು ಸದಸ್ಯಸಂಖ್ಯೆಯ ಬಹುಮತವೂ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೆಯ ಎರಡು ಭಾಗವೂ ಬೇಕು, ಅದೂ ಒಂದು ತಿಂಗಳೊಳಗೆ. ಅದೇ ತಿದ್ದುಪಡಿಯು ೩೫೬ರ ಆಳಿಕೆಯನ್ನು ಒಂದು ವರ್ಷದಾಚೆ ಮುಂದುವರಿಸುವುದಕ್ಕೆ ಕಟ್ಟುಪಾಡುಗಳನ್ನು ವಿಧಿಸಿತು. ಆದರೆ ಮೊದಲ ಒಪ್ಪಿಗೆಯನ್ನು ಸಾಧಾರಣ ಬಹುಮತಕ್ಕೇ ಬಿಟ್ಟಿತು. ಇಡೀ ದೇಶದ ತುರ್ತುಸ್ಥಿತಿಗೆ ಬೇಕಾದ ಎಚ್ಚರವು ಒಂದು ರಾಜ್ಯದ ಚುನಾಯಿತ ಸದನವನ್ನು ಮುಚ್ಚುವಾಗ ಏಕೆ ಬೇಡ? ಆದುದರಿಂದ ೩೫೬ಕ್ಕೂ ಅದೇ ವಿಶೇಷ ಬಹುಮತವನ್ನು ವಿಧಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಅದರೊಡನೆ, ಗೊತ್ತುವಳಿ ಚರ್ಚೆಗೆ ಬರುವ ಮೊದಲು ರಾಜ್ಯಪಾಲರ ವರದಿಯನ್ನು ಎರಡೂ ಸದನಗಳ ಜಂಟಿ ಸಮಿತಿಯೊಂದು ಪರಿಶೀಲಿಸುವಂತಾಗಬೇಕು. ವಜಾ ಆದ ಮುಖ್ಯಮಂತ್ರಿಗೆ ಅಲ್ಲಿ ತನ್ನ ಮಾತನ್ನು ಹೇಳಲು ಅವಕಾಶವಿರಬೇಕು. ಈ ಒಂದು ವಿಷಯದಲ್ಲಿಯಾದರೂ ಸದಸ್ಯರು ವಿಪ್ಪಿನ ಬಂಧನದಿಂದ ಮುಕ್ತರಾಗಿರಬೇಕು. ಇಂಥ ಸಮಿತಿಯೊಂದು ೧೯೮೯ರಲ್ಲಿ ಇದ್ದಿದ್ದರೆ ಆ ಏಳು ಪತ್ರಗಳನ್ನು ಮೇಜಿನ ಮೇಲಿಟ್ಟು ಓದಿಸುವುದು ಅದರ ಮೊದಲ ದಿನದ ಕೆಲಸವಾಗುತ್ತಿತ್ತು.

ನಮ್ಮ ವಿದ್ಯಾರ್ಥಿಗಳು ಬೊಮ್ಮಾಯಿ ಪ್ರಕರಣವನ್ನು ನ್ಯಾಯಾಲಯದ ಚರಿತ್ರೆಯಲ್ಲಿ ಓದುತ್ತಾರೆ. ಅದನ್ನು ಸಂಸತ್ತಿನ ಚರಿತ್ರೆಯಲ್ಲಿಯೂ ಓದಬೇಕೆಂಬುದು ನಮ್ಮ ವಿನಂತಿ. ಒಂದು ಸದನದ ಬಾಗಿಲನ್ನು ಮುಚ್ಚಿದಾಗ ಇನ್ನೊಂದು ಸದನ ಒಪ್ಪಿ ಕೈಯೆತ್ತಿತು. ತಪ್ಪನ್ನು ತಪ್ಪೆಂದು ಹೇಳಲು ಸದನವಲ್ಲದ ಸಂಸ್ಥೆಯೊಂದು ಬೇಕಾಯಿತು. ಹುಬ್ಬಳ್ಳಿಯ ವಕೀಲರೊಬ್ಬರು ಸೋತು ಗೆದ್ದ ಈ ವ್ಯಾಜ್ಯವು ಪ್ರಜಾಪ್ರಭುತ್ವಕ್ಕೆ ಒಂದು ಒಳ್ಳೆಯ ತೀರ್ಪನ್ನು ಕೊಟ್ಟಿದೆ. ಆ ತೀರ್ಪಿನ ಅಗತ್ಯವೇ ಬೀಳದಂಥ ಸಂಸತ್ತನ್ನು ಕಟ್ಟುವ ಕೆಲಸ ಇನ್ನೂ ಉಳಿದಿದೆ.