ಅಪರಾಧಪೀಡಿತರ ಪರಿಹಾರದ ಅಪೀಲುಗಳಲ್ಲಿ ಮನೋವೈದ್ಯರ ಸಾಕ್ಷ್ಯ: ಒಂದು ವಿಮರ್ಶೆ

ಹಿಂಸಾಪರಾಧಕ್ಕೆ ತುತ್ತಾದವರಿಗೆ ರಾಜ್ಯವೇ ಪರಿಹಾರಧನವನ್ನು ಕೊಡತಕ್ಕದ್ದೆಂಬ ವಿಚಾರ ಬಹು ಹಳೆಯದೇನೂ ಅಲ್ಲ. ನ್ಯೂಜಿಲೆಂಡಿನಲ್ಲಿ 1963ರಲ್ಲಿ ಅದಕ್ಕೊಂದು ಶಾಸನವಾಯಿತು; ಗ್ರೇಟ್ ಬ್ರಿಟನ್ನಿನಲ್ಲಿ 1964ರ ಆಗಸ್ಟಿನಿಂದ ಒಂದು ಯೋಜನೆ ನಡೆಯತೊಡಗಿತು. ಮೊದಮೊದಲು ಅಲ್ಲಿ ಸಿವಿಲ್ ನ್ಯಾಯಾಲಯಗಳು ನಷ್ಟವನ್ನು ಗಣಿಸುವ ರೀತಿಯಲ್ಲಿಯೇ ಒಬ್ಬೊಬ್ಬ ಅರ್ಜಿದಾರರ ಹಾನಿಯನ್ನೂ ಪ್ರತ್ಯೇಕವಾಗಿ ಗಣಿಸುತ್ತಿದ್ದರು. 1995ರ ಶಾಸನದ ತರುವಾಯ, 1996ರ ಏಪ್ರಿಲಿನಿಂದ, ಆ ಪದ್ಧತಿ ಹೋಗಿ ದರಪಟ್ಟಿಯ ಪದ್ಧತಿ ಬಂದಿತು. ಇಂಥ ಗಾಯಕ್ಕೆ ಇಷ್ಟು ಹಣವೆಂದು ಮೊದಲೇ ಗೊತ್ತುಮಾಡಲಾಯಿತು. (ದರಪಟ್ಟಿಯೆಂಬ ಶಬ್ದ ಮಂಡಿಯ ವ್ಯಾಪಾರವನ್ನು ನೆನಪಿಗೆ ತರುವುದಾದರೂ, ಸಮಾನ ಗಾಯಕ್ಕೆ ಸಮಾನ ಪರಿಹಾರವೆಂಬ ನ್ಯಾಯ ಅದರಲ್ಲಿ ಇದ್ದೇ ಇದೆ.) 2012ರ ನವೆಂಬರಿನಲ್ಲಿ ಜಾರಿಗೆ ಬಂದ ಯೋಜನೆಯ ಪಟ್ಟಿಯಲ್ಲಿ ಮನಸ್ಸಿನ ಗಾಯವನ್ನು ಕುರಿತ ಸಾಲುಗಳು ಕೆಲವೇ. ಅಪೀಲುಗಳಲ್ಲಿ ಮನೋವೈದ್ಯರ ಬಾಯಿಂದ ಏನನ್ನು ಹೇಳಿಸಬೇಕೆಂಬುದನ್ನು ಗೊತ್ತುಮಾಡುವುದು ಆ ಕೆಲವೇ ಸಾಲುಗಳಾದ್ದರಿಂದ, ಅವನ್ನೇ ನಾವು ಇಲ್ಲಿ ಪರಿಶೀಲನೆಗೆ ತೆಗೆದುಕೊಂಡಿದ್ದೇವೆ.

ಆ ಸಾಲುಗಳ ತಾತ್ಪರ್ಯ ಹೀಗಿದೆ. ತಾತ್ಕಾಲಿಕವಾದ ಮನಃಕ್ಷೋಭೆ ಗಾಯವೆಂದು ಪರಿಗಣಿತವಾಗದು. ಗಾಯವು ವ್ಯಕ್ತಿಯ ದೈನಂದಿನ ವ್ಯವಹಾರಶಕ್ತಿಯನ್ನು ಗಣನೀಯವಾಗಿ ಕುಂದಿಸಿರಬೇಕು. ಅದನ್ನು ಮನೋವೈದ್ಯರಾಗಲಿ ಚಿಕಿತ್ಸಾ ಮನೋವಿಜ್ಞಾನಿಗಳಾಗಲಿ ದೃಢಪಡಿಸಿರಬೇಕು. ಪೀಡಿತರನ್ನು ಬಲ್ಲ ಸಾಮಾನ್ಯ ವೈದ್ಯರ ಮಾತು ಸಾಲದು. ಇಷ್ಟಾದ ಮೇಲೆ ಬರುವುದು ಕಾಲದ ಲೆಕ್ಕ. 6 ವಾರದಿಂದ 28 ವಾರದವರೆಗಿನ ಕುಂದಿಗೆ 1,000 ಪೌಂಡು; ಅಲ್ಲಿಂದ 2 ವರ್ಷದವರೆಗೆ 2,400; 2ರಿಂದ 5 ವರ್ಷದವರೆಗೆ 6,200; 5 ವರ್ಷ ಮೀರಿಯೂ ಶಾಶ್ವತವಲ್ಲದ್ದಕ್ಕೆ 13,500; ಶಾಶ್ವತವಾದುದಕ್ಕೆ, ಕುಂದು ಮಧ್ಯಮವಾದರೆ 19,000, ತೀವ್ರವಾದರೆ 27,000.

ವಾಚಕರು ಇಲ್ಲಿ ಒಂದಂಶವನ್ನು ವಿಶೇಷವಾಗಿ ಗಮನಿಸಬೇಕು. ಕುಂದು ಎಷ್ಟು ತೀವ್ರವೆಂಬ ಪ್ರಶ್ನೆ ಏಳುವುದು ಕೊನೆಯ ಎರಡು ಸಾಲುಗಳಲ್ಲಿ ಮಾತ್ರ. ಅದಕ್ಕೆ ಕೆಳಗಿನ ಎಲ್ಲ ಸಾಲುಗಳಲ್ಲಿಯೂ ಕುಂದು ಒಂದು ಹೊಸ್ತಿಲು. ಅದನ್ನು ದಾಟಿದವರೆಲ್ಲರೂ ಸಮಾನರು. ನಾಲ್ಕು ವರ್ಷ ಮನೆಯ ಹೊರಗೆ ಕಾಲಿಡಲಾರದೆ, ಕೆಲಸವನ್ನು ಕಳೆದುಕೊಂಡು, ಮಕ್ಕಳ ಆರೈಕೆಯನ್ನೂ ಇತರರಿಗೆ ಬಿಟ್ಟುಕೊಟ್ಟ ಒಬ್ಬಾಕೆಯನ್ನು ಊಹಿಸಿಕೊಳ್ಳೋಣ. ಅದೇ ನಾಲ್ಕು ವರ್ಷ ಕೆಲಸಕ್ಕೆ ಹೋಗುತ್ತಲೇ ಇದ್ದು, ನಿದ್ರೆಯಿಲ್ಲದೆ, ಜನಸಂಪರ್ಕಕ್ಕೆ ಅಂಜಿ, ಅರ್ಧ ಶಕ್ತಿಯಿಂದ ದುಡಿದ ಮತ್ತೊಬ್ಬನನ್ನೂ ಊಹಿಸಿಕೊಳ್ಳೋಣ. ಪಟ್ಟಿಯ ದೃಷ್ಟಿಯಲ್ಲಿ ಇಬ್ಬರಿಗೂ ಸಲ್ಲತಕ್ಕದ್ದು 6,200 ಪೌಂಡು. ಈ ಇಬ್ಬರ ನಡುವಣ ವ್ಯತ್ಯಾಸವನ್ನು ಮನೋವೈದ್ಯರು ಒಂದೆರಡು ಭೇಟಿಗಳಲ್ಲಿಯೇ ಸಾಕಷ್ಟು ಖಚಿತವಾಗಿ ಹೇಳಬಲ್ಲರು. ಅದು ಅವರ ವಿದ್ಯೆಯ ತಿರುಳು. ಪಟ್ಟಿಗೆ ಅದು ಬೇಡ. ಅದಕ್ಕೆ ಬೇಕಾದುದು ಇನ್ನೆಷ್ಟು ವರ್ಷವೆಂಬುದು. ಮತ್ತು ಇದು ಅವರು ಎಲ್ಲಕ್ಕಿಂತ ಕಡಮೆ ಖಚಿತವಾಗಿ ಹೇಳಬಲ್ಲ ಸಂಗತಿ. ಮುರಿದ ಮೂಳೆ ಕೂಡುವ ಕಾಲವನ್ನು ಶಸ್ತ್ರವೈದ್ಯರು ಹೇಳುವಂತೆ, ಹೆದರಿದ ಮನಸ್ಸು ತಿಳಿಯಾಗುವ ಕಾಲವನ್ನು ಹೇಳಲು ಬಾರದು. ಚಿಕಿತ್ಸೆ ದೊರೆಯುವುದೋ ಇಲ್ಲವೋ, ದೊರೆತರೆ ಫಲಿಸುವುದೋ ಇಲ್ಲವೋ, ಮನೆಯವರು ಹೇಗೆ ನಡೆದುಕೊಳ್ಳುವರೋ, ಎಲ್ಲವೂ ಅದರಲ್ಲಿ ಸೇರುತ್ತವೆ. ಹೀಗಿದ್ದೂ 'ಐದು ವರ್ಷ ಮೀರೀತು, ಆದರೆ ಶಾಶ್ವತವಲ್ಲ' ಎಂಬ ವಾಕ್ಯಕ್ಕೂ 'ಶಾಶ್ವತ' ಎಂಬ ಒಂದು ಪದಕ್ಕೂ ನಡುವೆ ಕಡೆಯಪಕ್ಷ 5,500 ಪೌಂಡಿನ ಅಂತರವಿದೆ. ಅಪೀಲಿನಲ್ಲಿ ಎರಡು ವರದಿಗಳು ಪರಸ್ಪರ ವಿರೋಧಿಸಿದಾಗ, ಅನೇಕವೇಳೆ ವಿರೋಧವಿರುವುದು ರೋಗದ ವಿಷಯದಲ್ಲಲ್ಲ, ಈ ಒಂದು ಪದದ ವಿಷಯದಲ್ಲಿ.

ಸ್ಥಿತಿ ಮುಂದೆ ಗಣನೀಯವಾಗಿ ಬದಲಾಗಿ, ಹಿಂದಿನ ನಿರ್ಣಯ ಅನ್ಯಾಯವಾಗುವಂತಿದ್ದರೆ ಪ್ರಕರಣವನ್ನು ಮತ್ತೆ ತೆರೆಯಲು ಯೋಜನೆಯಲ್ಲಿ ಅವಕಾಶವುಂಟೆಂದು ಸಮಾಧಾನ ಹೇಳಬಹುದು. ಅದು ನಿಜ. ಆದರೆ ಮತ್ತೆ ತೆರೆಯುವುದೆಂದರೆ ಮತ್ತೆ ಸಾಕ್ಷ್ಯ, ಮತ್ತೆ ವರದಿ, ಮತ್ತೆ ಆ ಘಟನೆಯ ನಿರೂಪಣೆ. ವಕೀಲರ ಶುಲ್ಕವನ್ನು ಯೋಜನೆ ಭರಿಸುವುದಿಲ್ಲವೆಂಬುದನ್ನೂ ಇಲ್ಲಿ ಮರೆಯಬಾರದು.

ಇನ್ನು ಎರಡನೆಯ ತೊಡಕು, ನಮ್ಮ ಮತದಲ್ಲಿ ಇನ್ನೂ ಸೂಕ್ಷ್ಮವಾದುದು. ಅಪರಾಧ ನಡೆಯಿತೇ ಎಂಬುದೇ ವಿವಾದಗ್ರಸ್ತವಾಗಿರುವ ಅಪೀಲುಗಳಿವೆ. ಅಪರಾಧಿಗೆ ಶಿಕ್ಷೆಯಾಗಿರಬೇಕೆಂಬ ನಿಯಮವಿಲ್ಲ. ಸಂಭಾವ್ಯತೆಯ ತೂಕದಿಂದ ನ್ಯಾಯಮಂಡಲಿ ನಿರ್ಣಯಿಸುತ್ತದೆ. ಅಲ್ಲಿ ಆಘಾತೋತ್ತರ ಒತ್ತಡದ ವ್ಯಾಧಿಯೆಂಬ ರೋಗನಿದಾನವನ್ನೇ ಘಟನೆಗೆ ಪುರಾವೆಯಾಗಿ ಮುಂದಿಡುವುದುಂಟು. ಅಮೆರಿಕದ ಮನೋವೈದ್ಯ ಸಂಘದ ರೋಗಸೂಚಿಯಲ್ಲಿ 1980ರಲ್ಲಿ ಮೊದಲು ಸ್ಥಾನ ಪಡೆದ ಈ ವ್ಯಾಧಿಯ ಲಕ್ಷಣನಿರೂಪಣೆಯಲ್ಲಿ ಘೋರ ಘಟನೆಯೊಂದು ನಡೆದಿರಬೇಕೆಂಬುದೇ ಮೊದಲ ಷರತ್ತು; 2013ರ ಪರಿಷ್ಕರಣದಲ್ಲಿಯೂ ಅದು ಉಳಿದಿದೆ. ವೈದ್ಯರು ಘಟನೆಯನ್ನು ರೋಗಿಯ ಬಾಯಿಂದ ಕೇಳಿ, ಒಪ್ಪಿ, ಅನಂತರ ರೋಗವನ್ನು ಹೆಸರಿಸುತ್ತಾರೆ. ಆ ಹೆಸರಿನಿಂದ ಹಿಂದಿರುಗಿ ಘಟನೆಯನ್ನು ಸಾಧಿಸಹೊರಟರೆ ಅದು ತರ್ಕಶಾಸ್ತ್ರದ ಅನ್ಯೋನ್ಯಾಶ್ರಯ ದೋಷವಲ್ಲದೆ ಬೇರೆಯಲ್ಲ. ಖಿನ್ನತೆಯ ನಿದಾನದಲ್ಲಿ ಈ ತೊಡಕಿಲ್ಲ. ಅದರ ಲಕ್ಷಣದೊಳಗೆ ಕಾರಣ ಅಡಗಿಲ್ಲ.

ಹಾಗೆಂದು ಘಟನೆಯ ವಿಚಾರದಲ್ಲಿ ಮನೋವೈದ್ಯರ ಸಾಕ್ಷ್ಯ ನಿರರ್ಥಕವೆನ್ನುವುದು ಸರಿಯಲ್ಲ. ದೈಹಿಕ ಪರೀಕ್ಷೆಯ ವರದಿಯ ಬೆಲೆಯನ್ನು 1999ರಲ್ಲಿ ಹೌಸ್ ಆಫ್ ಲಾರ್ಡ್ಸ್ ಎತ್ತಿಹಿಡಿಯಿತು: ಪೀಡಿತೆಯೊಬ್ಬಳ ದೂರಿಗೆ ಪೋಷಕವಾಗಿದ್ದ ಪೊಲೀಸ್ ವೈದ್ಯರ ವರದಿ ಪರಿಹಾರಮಂಡಲಿಯ ಮುಂದೆ ಬಾರದೆಯೇ ಆಕೆಯ ಅರ್ಜಿ ತಿರಸ್ಕೃತವಾಗಿದ್ದಿತು; ಅದು ಸಹಜನ್ಯಾಯಕ್ಕೆ ವಿರುದ್ಧವೆಂದು ನಿರ್ಣಯವನ್ನು ರದ್ದುಗೊಳಿಸಿದರು. ಮನೋವೈದ್ಯರ ಉಪಯೋಗ ಬೇರೆ ಬಗೆಯದು. ಪೀಡಿತರು ಪೊಲೀಸರ ಬಳಿಗೆ ತಡವಾಗಿ ಏಕೆ ಹೋದರು, ಹೇಳಿಕೆಗಳಲ್ಲಿ ದಿನಾಂಕಗಳು ಏಕೆ ಹೊಂದುವುದಿಲ್ಲ, ಮುಖ್ಯವಾದುದನ್ನು ಮೊದಲ ಸಲವೇ ಏಕೆ ಹೇಳಲಿಲ್ಲ: ಇವು ಸುಳ್ಳಿನ ಗುರುತುಗಳಾಗಿಯೇ ತೀರಬೇಕಿಲ್ಲವೆಂದು ಅವರು ವಿವರಿಸಬಲ್ಲರು. ಸಾಧ್ಯವಾದಷ್ಟು ಬೇಗ ದೂರು ಕೊಟ್ಟಿರಬೇಕೆಂದು ಯೋಜನೆಯೇ ವಿಧಿಸುವುದರಿಂದ ಈ ವಿವರಣೆಗೆ ಬಹಳ ತೂಕವುಂಟು. ನಂಬುವುದೂ ಬಿಡುವುದೂ ಮಾತ್ರ ನ್ಯಾಯಮಂಡಲಿಯ ಹೊಣೆ. ಅದನ್ನು ವೈದ್ಯರ ಹೆಗಲಿಗೆ ದಾಟಿಸತಕ್ಕದ್ದಲ್ಲ.

ಮೊದಲೇ ಇದ್ದ ಮನೋವ್ಯಾಧಿಯ ಪ್ರಶ್ನೆಯೂ ಇದೆ. ಅಪರಾಧದಿಂದ ಅದು ಉಲ್ಬಣಿಸಿದ್ದರೆ, ಉಲ್ಬಣಿಸಿದ ಪ್ರಮಾಣಕ್ಕಷ್ಟೇ ಪರಿಹಾರ. ಬಾಲ್ಯದಿಂದ ಕಷ್ಟ ಕಂಡವರ ವಿಷಯದಲ್ಲಿ ಹಳೆಯ ದುಃಖವಿಷ್ಟು, ಹೊಸ ದುಃಖವಿಷ್ಟು ಎಂದು ಪಾಲುಮಾಡಿಕೊಡಿರೆಂದು ವೈದ್ಯರನ್ನು ಕೇಳಿದರೆ ಅವರು ಒಂದು ಅಂಕಿಯನ್ನು ಕೊಟ್ಟಾರು. ಆ ಅಂಕಿಯ ಹಿಂದೆ ಅಳತೆಯ ಸಾಧನವಾವುದೂ ಇಲ್ಲ.

ಈ ವಿಚಾರ ನಮಗೆ ದೂರದ್ದಲ್ಲ. ದಂಡ ಪ್ರಕ್ರಿಯಾ ಸಂಹಿತೆಗೆ 2008ರ ತಿದ್ದುಪಡಿಯಿಂದ 357ಎ ಪ್ರಕರಣ ಸೇರಿತು; ಅದರಂತೆ ಕರ್ನಾಟಕದಲ್ಲಿ 2011ರಲ್ಲಿ ಪೀಡಿತರ ಪರಿಹಾರ ಯೋಜನೆ ಬಂದಿತು; 2024ರ ಜುಲೈಯಿಂದ ಅದೇ ವಿಧಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಪ್ರಕರಣವಾಗಿದೆ. ಪೀಡಿತ ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2018ರಲ್ಲಿ ರೂಪಿಸಿದ ಯೋಜನೆಯ ಅನುಸೂಚಿಯಲ್ಲಿ, ಪುನರ್ವಸತಿ ಬೇಕಾಗುವ ಮಾನಸಿಕ ಹಾನಿಗೆ 1 ಲಕ್ಷದಿಂದ 2 ಲಕ್ಷ ರೂಪಾಯಿಯೆಂದಿದೆ. ಆ ಸಾಲಿನಲ್ಲಿ ಕಾಲದ ಅಳತೆಯಿಲ್ಲ. ದೃಢಪಡಿಸತಕ್ಕವರು ಯಾರೆಂಬ ಮಾತೂ ಇಲ್ಲ. ಅಪೀಲು ಹೋಗುವವರು 'ಪುನರ್ವಸತಿ' ಎಂಬ ಪದಕ್ಕೆ ಅರ್ಥವನ್ನು ಬಹುಮಟ್ಟಿಗೆ ಮನೋವೈದ್ಯರ ವರದಿಯಿಂದಲೇ ತುಂಬಬೇಕಾದೀತು. ಆ ವರದಿಯನ್ನು ಬೇಡುವಾಗ, ಇನ್ನೆಷ್ಟು ಕಾಲವೆಂದು ಕೇಳುವುದಕ್ಕೆ ಮೊದಲು ಏನು ಕುಂದಿದೆಯೆಂದು ಕೇಳಲು ಇಲ್ಲಿ ಯಾವ ದರಪಟ್ಟಿಯೂ ಅಡ್ಡಿಯಾಗಿಲ್ಲ.