ನೌಕಾವರ್ಗನಿರ್ಣಯದಲ್ಲಿ ಲಕ್ಷಣದೋಷ

ಯಾವ ಪದಾರ್ಥವನ್ನು ವಿಂಗಡಿಸಬೇಕಾದರೂ ಮೊದಲು ಅದರ ಲಕ್ಷಣವನ್ನು ಹೇಳಬೇಕು. ಹೇಳಿದ ಲಕ್ಷಣವು ಲಕ್ಷ್ಯದಲ್ಲೆಲ್ಲ ಇರಬೇಕು, ಅಲಕ್ಷ್ಯದಲ್ಲಿ ಇರಕೂಡದು. ಇದು ನಮ್ಮ ತಾರ್ಕಿಕರ ಮತ. ಈ ನಿಯಮವನ್ನು ಶಾಸ್ತ್ರಗ್ರಂಥಗಳಿಗೆ ಮಾತ್ರವಲ್ಲದೆ ವ್ಯವಹಾರಗ್ರಂಥಗಳಿಗೂ ಅನ್ವಯಿಸಿ ನೋಡುವುದು ಯುಕ್ತವೇ ಆಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ವಾಣಿಜ್ಯನೌಕೆಗಳ ಯೋಗ್ಯತೆಯನ್ನು ನಿರ್ಣಯಿಸುತ್ತಿದ್ದ ಲಂಡನ್ನಿನ ಲಾಯ್ಡ್ಸ್ ರಿಜಿಸ್ಟರ್ ಎಂಬ ಪುಸ್ತಕವನ್ನು ಈ ದೃಷ್ಟಿಯಿಂದ ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಪುಸ್ತಕದ ಮೂಲವು ವಿಮೆಯ ವ್ಯವಹಾರ. ಲಂಡನ್ನಿನ ಒಂದು ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದ ವಿಮೆದಾರರು, ತಾವು ಕಣ್ಣಾರೆ ಕಾಣದ ಹಡಗಿಗೆ ಹೊಣೆಯಾಗಬೇಕಾಗಿದ್ದುದರಿಂದ, ೧೭೬೦ರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡರು. ಇಂದು ಉಳಿದಿರುವ ಅವರ ಪುಸ್ತಕಗಳಲ್ಲಿ ಮೊದಲನೆಯದು ೧೭೬೪ರದು. ಅದರಲ್ಲಿ ಹಡಗಿನ ಒಡಲಿಗೆ ಆಂಗ್ಲ ಸ್ವರಾಕ್ಷರಗಳಾದ ಎ, ಇ, ಐ, ಓ, ಯು ಎಂಬ ಐದು ವರ್ಗಗಳೂ, ಲಂಗರು ಹಗ್ಗ ಮೊದಲಾದ ಸಲಕರಣೆಗಳಿಗೆ ಉತ್ತಮ, ಮಧ್ಯಮ, ಅಧಮ ಎಂಬ ಮೂರು ದರ್ಜೆಗಳೂ ಹೇಳಲ್ಪಟ್ಟಿವೆ. ಮುಂದೆ ಸಲಕರಣೆಗಳಿಗೆ ಅಂಕೆಗಳು ಬಂದು, ‘ಎ ೧’ ಎಂಬ ಪ್ರಸಿದ್ಧ ಸಂಜ್ಞೆ ಹುಟ್ಟಿತು.

ಇಲ್ಲಿಯವರೆಗೆ ದೋಷವಿಲ್ಲ, ಹಡಗಿನ ಸ್ಥಿತಿಯನ್ನೇ ನೋಡಿ ವರ್ಗವನ್ನು ಹೇಳುವುದು ಉದ್ದೇಶವಾಗಿದ್ದಿತು. ಆದರೆ ೧೭೯೮ರ ಸುಮಾರಿಗೆ ಸಂಘವು ಈ ಕ್ರಮವನ್ನು ಬಿಟ್ಟು, ಹಡಗು ಎಲ್ಲಿ ಕಟ್ಟಲ್ಪಟ್ಟಿತು, ಕಟ್ಟಿ ಎಷ್ಟು ವರ್ಷವಾಯಿತು ಎಂಬ ಎರಡನ್ನೇ ಪ್ರಧಾನವಾಗಿ ಹಿಡಿಯಿತು. ಥೇಮ್ಸ್ ನದಿಯ ತೀರದಲ್ಲಿ ಹುಟ್ಟಿದ ಹಡಗು ಹೆಚ್ಚು ಕಾಲ ಪ್ರಥಮವರ್ಗದಲ್ಲಿರುವುದು. ಇತರ ರೇವುಗಳಲ್ಲಿ ಹುಟ್ಟಿದುದು ಬೇಗನೆ ಇಳಿಯುವುದು. ಅವಧಿ ಕಳೆದ ಮೇಲೆ ಎಷ್ಟು ದುರಸ್ತಿ ಮಾಡಿದರೂ ಹಿಂದಿನ ವರ್ಗವು ದೊರೆಯದು. ಇದರಿಂದ ಕುಪಿತರಾದ ಹಡಗಿನ ಒಡೆಯರು ೧೭೯೯ರಲ್ಲಿ ತಮ್ಮದೇ ಆದ ಮತ್ತೊಂದು ಪುಸ್ತಕವನ್ನು ಹೊರಡಿಸಿದರು. ವಿಮೆದಾರರದು ಹಸಿರು ಪುಸ್ತಕವೆಂದೂ ಇವರದು ಕೆಂಪು ಪುಸ್ತಕವೆಂದೂ ಹೆಸರಾಯಿತು.

ಈ ನಿಯಮವನ್ನು ಸಮರ್ಥಿಸುವವರು ಹೀಗೆ ಹೇಳಬಹುದು: ಮರದ ಹಡಗಿನ ಕೊಳೆತವು ಹಲಗೆಗಳ ಒಳಮೈಯಲ್ಲಿ ಅಡಗಿರುವುದು, ಪರೀಕ್ಷಕನ ಕಣ್ಣು ಅಲ್ಲಿಗೆ ಹೋಗಲಾರದು, ಅವನು ಒಡೆಯನ ದಾಕ್ಷಿಣ್ಯಕ್ಕೆ ಒಳಗಾಗಲೂಬಹುದು, ವಯಸ್ಸಾದರೋ ಯಾರ ದಾಕ್ಷಿಣ್ಯಕ್ಕೂ ಒಳಗಾಗದು. ಈ ಪಕ್ಷವು ತೀರ ನಿಸ್ಸಾರವಲ್ಲ. ಆದರೂ ಇಲ್ಲಿ ಲಕ್ಷಣದ ಎರಡು ದೋಷಗಳೂ ಒಟ್ಟಿಗೆ ಸೇರಿವೆ. ಗಟ್ಟಿಯಾಗಿರುವ ಹಳೆಯ ಹಡಗು ಹೊರಗುಳಿಯುವುದರಿಂದ ಅವ್ಯಾಪ್ತಿ. ಟೊಳ್ಳಾದ ಹೊಸ ಹಡಗು ಒಳಸೇರುವುದರಿಂದ ಅತಿವ್ಯಾಪ್ತಿ. ಚೆನ್ನಾಗಿ ಕಟ್ಟಿದರೂ ಅಷ್ಟೇ ವರ್ಷ, ಹೇಗೋ ಕಟ್ಟಿದರೂ ಅಷ್ಟೇ ವರ್ಷ ಎಂದಮೇಲೆ ಯಾವ ಒಡೆಯನು ಹೆಚ್ಚು ಹಣವನ್ನು ವೆಚ್ಚಮಾಡುವನು? ೧೮೩೬ರಲ್ಲಿ ನೌಕಾಭಂಗಗಳ ವಿಚಾರವಾಗಿ ನೇಮಕವಾದ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯು, ೧೭೯೮ರಿಂದ ೧೮೩೪ರವರೆಗೆ ನಡೆದ ಈ ವರ್ಗೀಕರಣವೇ ಕೀಳು ಹಡಗುಗಳ ನಿರ್ಮಾಣಕ್ಕೆ ಪ್ರೋತ್ಸಾಹವಾಯಿತೆಂದು ನಿರ್ಣಯಿಸಿತು. ಒಡೆದ ಅಥವಾ ದಡಹತ್ತಿದ ಬ್ರಿಟಿಷ್ ಹಡಗುಗಳು ೧೮೧೬ರಿಂದ ೧೮೧೮ರವರೆಗೆ ೧೧೧೪ ಎಂದೂ, ೧೮೩೩ರಿಂದ ೧೮೩೫ರವರೆಗೆ ೧೫೭೩ ಎಂದೂ ಆ ಸಮಿತಿಯ ಲೆಕ್ಕ. ಇವೆಲ್ಲಕ್ಕೂ ಪುಸ್ತಕವೊಂದೇ ಕಾರಣವೆನ್ನಲಾಗದು. ಆದರೆ ಲಕ್ಷಣದೋಷವು ತರ್ಕಶಾಲೆಯೊಳಗಣ ವಾದಮಾತ್ರವಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

೧೮೩೪ರಲ್ಲಿ ಎರಡು ಪುಸ್ತಕಗಳೂ ಒಂದಾದುವು. ವರ್ತಕರು, ಹಡಗಿನ ಒಡೆಯರು, ವಿಮೆದಾರರು ಎಂಟೆಂಟು ಮಂದಿ ಸೇರಿ ಇಪ್ಪತ್ತನಾಲ್ವರ ಸಮಿತಿಯಾಯಿತು. ಹೊಸ ನಿಯಮಗಳಲ್ಲಿ ಪ್ರತ್ಯಕ್ಷಕ್ಕೆ ಸ್ಥಾನವು ಮರಳಿ ಬಂದಿತು. ಕಟ್ಟುವಾಗಲೇ ಮೂರು ಸಲ ಪರೀಕ್ಷೆ: ಪಕ್ಕೆಲುಬುಗಳಂತಿರುವ ಮರಗಳು ನಿಂತಾಗ ಒಮ್ಮೆ, ತೊಲೆಗಳನ್ನಿಟ್ಟು ಮೇಲಣ ಹಲಗೆ ಹಾಸುವುದಕ್ಕೆ ಮೊದಲು, ಒಳಮೈ ಕಾಣುವಂತಿರುವಾಗ ಒಮ್ಮೆ, ಮುಗಿದಮೇಲೆ, ಸಾಧ್ಯವಾದರೆ ಬಣ್ಣ ಬಳಿಯುವುದಕ್ಕೆ ಮುಂಚೆ, ಒಮ್ಮೆ. ಹುಟ್ಟಿದ ಊರಿನ ಬದಲು ಮರದ ಜಾತಿಯನ್ನು ಹಿಡಿದು ವರ್ಷಗಳನ್ನು ಗೊತ್ತುಮಾಡಿದರು. ಇಂಗ್ಲೆಂಡಿನ ಓಕ್ ಮರದೊಡನೆ ನಮ್ಮ ತೇಗವೂ ಮೇಲಣ ಪಂಕ್ತಿಯಲ್ಲಿಯೇ ನಿಂತು, ಹನ್ನೆರಡು ವರ್ಷಗಳ ಪ್ರಥಮವರ್ಗವನ್ನು ಪಡೆಯಿತು. ಬೊಂಬಾಯಿಯ ನೌಕಾಶಾಲೆಗಳಿಗೆ ಮಲಬಾರು ಮತ್ತು ಕನ್ನಡ ಜಿಲ್ಲೆಗಳ ಕಾಡುಗಳಿಂದ ತೇಗವು ಹೋಗುತ್ತಿದ್ದಿತೆಂಬುದನ್ನು ವಾಚಕರು ಇಲ್ಲಿ ನೆನೆಯಬಹುದು. ದುರಸ್ತಿಯಾದ ಹಡಗಿಗೆ ಹಲಗೆ ಕಿತ್ತು ನೋಡಿ ಪ್ರಥಮವರ್ಗವನ್ನು ಮರಳಿ ಕೊಡುವ ಕ್ರಮವೂ ಬಂದಿತು. ಇವೆಲ್ಲವೂ ಶ್ಲಾಘ್ಯವೇ ಸರಿ.

ಆದರೂ ವಯಸ್ಸೆಂಬ ಹೇತುವು ಉಳಿದೇ ಇದ್ದಿತು, ಅದು ಸವ್ಯಭಿಚಾರವಾದುದು. ೧೮೪೦ರಲ್ಲಿ ಬರ್ಮಾದೇಶದಲ್ಲಿ ತೇಗದಿಂದ ಕಟ್ಟಿದ ‘ಸಕ್ಸೆಸ್’ ಎಂಬ ವಾಣಿಜ್ಯನೌಕೆಯು ಮುಂದೆ ಪ್ರದರ್ಶನದ ಹಡಗಾಗಿ, ತನ್ನ ಎಪ್ಪತ್ತೆರಡನೆಯ ವರ್ಷದಲ್ಲಿ, ಎಂದರೆ ೧೯೧೨ರಲ್ಲಿ, ಅಟ್ಲಾಂಟಿಕ್ ಸಾಗರವನ್ನು ದಾಟಿತು. ೧೯೪೬ರಲ್ಲಿ ಅದು ನಾಶವಾದುದು ಬೆಂಕಿಯಿಂದ.

ಭೋಜನದೆಂದು ಹೇಳುವ ಯುಕ್ತಿಕಲ್ಪತರುವಿನಲ್ಲಿಯೂ ನೌಕೆಯ ಮರಗಳಿಗೆ ಜಾತಿವಿಭಾಗವುಂಟು. ಬ್ರಾಹ್ಮಣ, ಕ್ಷತ್ರಿಯ ಮೊದಲಾದ ಸಂಜ್ಞೆಗಳನ್ನು ಕಂಡು ನಗುವವರು, ಅಲ್ಲಿ ಲಘುವೂ ದೃಢವೂ ಆದ ಮರಕ್ಕೆ ಕ್ಷತ್ರಿಯವೆಂಬ ಹೆಸರೆಂಬುದನ್ನು ಗಮನಿಸಬೇಕು. ಹೆಸರು ಜಾತಿಯದಾದರೂ ಲಕ್ಷಣವು ಆ ಮರದಲ್ಲಿಯೇ ಇರುವ ಗುಣ. ಆದರೆ ಆ ಗ್ರಂಥಕ್ಕೆ ಪರೀಕ್ಷಕರ ಪರಂಪರೆಯೊಂದು ಒದಗಿದಂತೆ ತೋರದು. ಲಂಡನ್ನಿನ ಪುಸ್ತಕಕ್ಕೆ ಒದಗಿತು. ಅದರ ಹಿರಿಮೆ ಅಲ್ಲಿದೆ.

ಕೊನೆಗೆ ಪ್ರಯೋಜನವನ್ನು ವಿಚಾರಿಸೋಣ. ೧೮೩೪ರ ನಿಯಮಗಳಲ್ಲಿ ವರ್ಗಗಳ ಅರ್ಥವನ್ನು ಸರಕಿನ ಮೂಲಕವೇ ಹೇಳಿದ್ದಾರೆ: ಇದು ನೀರು ತಗುಲಿದರೆ ಕೆಡುವ ಸರಕಿಗೆ ಯೋಗ್ಯ, ಅದು ಕೆಡದ ಸರಕಿಗೆ ಯೋಗ್ಯ, ಎಂದು. ನಾವಿಕನು ಯಾವ ಪಂಕ್ತಿಯಲ್ಲಿಯೂ ಇಲ್ಲ. ಸಕ್ಕರೆಯನ್ನು ತುಂಬಬಾರದ ಹಡಗಿನಲ್ಲಿ ಮನುಷ್ಯನನ್ನು ತುಂಬಲು ಅಡ್ಡಿಯಿರಲಿಲ್ಲ. ಒಪ್ಪಂದಮಾಡಿಕೊಂಡು ಹತ್ತಲೊಲ್ಲದವನಿಗೆ ಸೆರೆಯೂ ಆಗುತ್ತಿದ್ದಿತು. ಸ್ಯಾಮ್ಯುಯಲ್ ಪ್ಲಿಮ್‌ಸಾಲ್ ೧೮೭೩ರಲ್ಲಿ ಗ್ರಂಥ ಬರೆದು ಕೂಗಿಕೊಂಡಮೇಲೆ, ೧೮೭೬ರ ಕಾನೂನು ಹಡಗಿನ ಪಕ್ಕದಲ್ಲಿ ಭಾರದ ಗೆರೆಯನ್ನು ಎಳೆಯಿಸಿತು. ಅದನ್ನು ಎಲ್ಲಿ ಎಳೆಯಬೇಕೆಂಬುದು ೧೮೯೦ರವರೆಗೂ ಒಡೆಯನ ಇಚ್ಛೆಗೇ ಬಿಟ್ಟಿದ್ದಿತು.

ಆದುದರಿಂದ ಈ ಪುಸ್ತಕದ ವಿಷಯದಲ್ಲಿ ನಮ್ಮ ನಿರ್ಣಯವಿದು: ೧೮೩೪ರ ಸಮಿತಿಯು ಲಕ್ಷಣವನ್ನು ಬಹುಮಟ್ಟಿಗೆ ತಿದ್ದಿತು, ಲಕ್ಷ್ಯವನ್ನು ತಿದ್ದಲಿಲ್ಲ. ಹಡಗನ್ನು ಪರೀಕ್ಷಿಸುವುದು ಯಾರ ಹಿತಕ್ಕಾಗಿ ಎಂಬ ಪ್ರಶ್ನೆಯನ್ನು ಮೊದಲು ಕೇಳದಿದ್ದರೆ, ಪರೀಕ್ಷೆ ಎಷ್ಟೇ ಸೂಕ್ಷ್ಮವಾದರೂ ಅದು ಅರ್ಧವೇ ಆಗುವುದು.