ನಮ್ಮ ಕಾದಂಬರಿಯಲ್ಲಿ ವೀಸಾ

ರಾಣೇಬೆನ್ನೂರಿನಲ್ಲಿ ನಾವು ಕೆಲವು ಗೆಳೆಯರು ತಿಂಗಳಿಗೊಮ್ಮೆ ಕೂಡಿ ಒಂದೊಂದು ಪುಸ್ತಕವನ್ನು ಚರ್ಚಿಸುತ್ತ ಬಂದಿದ್ದೇವೆ. ಈಚೆಗೆ ಆರಿಸಿಕೊಂಡದ್ದು ಶ್ರೀಮತಿ ಸುಧಾ ಮೂರ್ತಿಯವರ ‘ಡಾಲರ್ ಸೊಸೆ’. ಲೇಖಕಿ ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ ಹುಟ್ಟಿದವರೆಂಬ ಅಭಿಮಾನವೂ ಅದಕ್ಕೆ ಒಂದು ಕಾರಣ. ಅಮೆರಿಕದ ಸೊಸೆಯನ್ನು ಹಾಡಿ ಹೊಗಳಿ, ಮನೆಯಲ್ಲಿದ್ದು ದುಡಿಯುವ ವಿನುತೆಯನ್ನು ಕಡೆಗಣಿಸಿದ ಗೌರಮ್ಮ, ಕೊನೆಗೆ ಅಮೆರಿಕವನ್ನೇ ಕಂಡು ಕಣ್ಣು ತೆರೆಯುವ ಕಥೆ ಅದು. ತರಗತಿಯಲ್ಲಿ ಹಲವು ಸಲ ಈ ಕಾದಂಬರಿಯ ಪ್ರಸ್ತಾಪ ಮಾಡಿದವನು ನಾನು. ಅಂದೂ ರೂಢಿಯಾದ ಮಾತುಗಳನ್ನೇ ಆಡಿದೆ: ಹಣದ ಮೋಹ ಕರುಳಿನ ಸಂಬಂಧವನ್ನು ಹೇಗೆ ಸಡಿಲಿಸುತ್ತದೆಂಬುದೇ ಇದರ ತಿರುಳು ಎಂದು.

ಮಾತು ಮುಗಿದ ಮೇಲೆ ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರು ಎದ್ದು ನಿಂತರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಕ್ಯಾಲಿಫೋರ್ನಿಯದಲ್ಲಿ ಇಪ್ಪತ್ತು ಜನರ ಒಂದು ಸಣ್ಣ ನವೋದ್ಯಮದಲ್ಲಿ ಎಂಜಿನಿಯರು. “ಸರ, ಪುಸ್ತಕ ಚಲೋ ಐತ್ರಿ. ಆದ್ರ ನಮ್ಮ ಹುಡುಗನ ಕಥಿ ಇದರಾಗ ಇಲ್ಲ. ಅವರವ್ವ ತೀರಿಕೊಂಡಾಗ ಅಂವ ಬರಲಿಲ್ಲ. ಡಾಲರ್ ಮುಂದ ತಾಯಿ ಯಾವ ಲೆಕ್ಕ ಅಂತ ಮಂದಿ ಆಡಿಕೊಂಡ್ರು. ಅಂವ ಗಂಟುಮೂಟಿ ಕಟ್ಟಿದ್ದ. ವೀಸಾದ ಮುದ್ರಿ ಮುಗದಿತ್ತು. ಬಂದ್ರ ತಿರುಗಿ ಯಾವಾಗ ಹೋಗೂದಂತ ಯಾರಿಗೂ ಗೊತ್ತಿರಲಿಲ್ಲ. ಇದನ್ನ ಯಾರು ಬರೀತಾರ್ರಿ?”

ನನಗೆ ಉತ್ತರ ಹೊಳೆಯಲಿಲ್ಲ. ಹಾಗೆ ಆಡಿಕೊಂಡ ಮಂದಿಯಲ್ಲಿ ನಾನೂ ಒಬ್ಬನಾಗಿದ್ದೆ.

ಇದು ‘ಡಾಲರ್ ಸೊಸೆ’ಯ ದೋಷವೆಂದು ಹೇಳಲಾಗದು. ಇಲ್ಲಿಯ ಮನೆಯಲ್ಲಿ ಡಾಲರು ಮಾಡಿದ ಕೋಲಾಹಲವನ್ನು ಚಿತ್ರಿಸಲು ಹೊರಟ ಕೃತಿ ಅದು. ಆ ಕೆಲಸವನ್ನು ಅದು ಚೆನ್ನಾಗಿ ಮಾಡಿದೆ. ಗೌರಮ್ಮನಂಥವರನ್ನು ನಾವು ಹಾವೇರಿಯಲ್ಲಿಯೂ ಕಂಡಿದ್ದೇವೆ. ಆದರೆ ಆಕೆಯ ಕಣ್ಣಿನಿಂದ ಕಂಡ ಪರದೇಶವನ್ನೇ ಪರದೇಶವೆಂದು ನಂಬಿದ ಓದುಗರೂ ವಿಮರ್ಶಕರೂ ತಪ್ಪಿದ್ದೇವೆ.

ನಮ್ಮ ಭಾಗದವರು ಕಡಲು ದಾಟಿದ್ದು ಇಂದು ನಿನ್ನೆಯ ಮಾತಲ್ಲ. ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಬಂದರು. ‘ಸಮುದ್ರದಾಚೆಯಿಂದ’, ‘ಸಮುದ್ರಗೀತೆಗಳು’ ಆ ಯಾತ್ರೆಯ ಫಲ. ಹಾವೇರಿ ತಾಲ್ಲೂಕಿನ ಕುರಬಗೊಂಡದ ಪಾಟೀಲ ಪುಟ್ಟಪ್ಪನವರು ಕ್ಯಾಲಿಫೋರ್ನಿಯದಲ್ಲಿ ಪತ್ರಿಕಾವೃತ್ತಿಯನ್ನು ಕಲಿತು ಬಂದು ‘ಪ್ರಪಂಚ’ವನ್ನು ನಡೆಸಿದರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಈ ಹಿರಿಯರು ಹೋದರು, ಕಂಡರು, ಮರಳಿ ಬಂದರು. ನಮ್ಮ ಮನಸ್ಸಿನಲ್ಲಿ ನೆಲೆನಿಂತ ಪರದೇಶದ ಕಥೆ ಇದೇ. ಮರಳಿದವನು ನಮ್ಮವನು, ಮರಳದವನು ಮೋಹಕ್ಕೆ ಬಿದ್ದವನು ಎಂಬ ತೀರ್ಪು ಅದರ ಬೆನ್ನಿಗೇ ಬಂದಿತು.

ಈಗಿನ ತರುಣನ ಸ್ಥಿತಿ ಬೇರೆ. ಅಮೆರಿಕದ 1990ರ ಕಾಯಿದೆಯಿಂದ ಬಂದ ಎಚ್-1ಬಿ ವೀಸಾಕ್ಕೆ ಅರ್ಜಿ ಹಾಕಬೇಕಾದದ್ದು ಕೆಲಸ ಕೊಡುವ ಕಂಪನಿ. ಕಂಪನಿಗಳ ಪಾಲಿಗೆ ವರ್ಷಕ್ಕೆ 65,000. ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆಂದು ಮತ್ತೆ 20,000. 2023ರಲ್ಲಿ ಈ 85,000 ಸ್ಥಾನಗಳಿಗೆ ಬಂದ ನೋಂದಣಿಗಳು 7,80,000ಕ್ಕೂ ಮಿಕ್ಕಿದ್ದವು. ಒಬ್ಬನ ಹೆಸರನ್ನೇ ಹಲವು ಕಂಪನಿಗಳು ಬರೆಸಿದ್ದೂ ಉಂಟು. ಚೀಟಿ ಎತ್ತಿ ಆರಿಸಿದರು. “ನಮ್ಮ ಪ್ಯಾಟ್ಯಾಗ ಮಾಲ್ ನೋಡಿ ದರ ಬರೀತಾರ. ಅಲ್ಲಿ ಮಾಲ್ ನೋಡದ ಚೀಟಿ ಎತ್ತತಾರ” ಎಂದು ನಮ್ಮ ದಲಾಲರು ಹೇಳಿದ್ದು ನಿಜವೇ.

ಚೀಟಿ ಬಂದರೂ ನೆಮ್ಮದಿಯಿಲ್ಲ. ಮೊದಲು ಮೂರು ವರ್ಷ, ಮತ್ತೆ ಮೂರು ವರ್ಷ. ಕೆಲಸ ಹೋದರೆ ಹೆಚ್ಚೆಂದರೆ 60 ದಿನದೊಳಗೆ ಇನ್ನೊಂದು ಕಂಪನಿಯನ್ನೋ ಇನ್ನೊಂದು ದಾರಿಯನ್ನೋ ಹುಡುಕಬೇಕು. ಕಾಯಂ ವಾಸಕ್ಕೆ ಕೊಡುವ ಗ್ರೀನ್ ಕಾರ್ಡಿನಲ್ಲಿ ಒಂದು ದೇಶದವರಿಗೆ ನೂರಕ್ಕೆ ಏಳರ ಮಿತಿ ಇರುವುದರಿಂದ ಭಾರತೀಯರ ಸರದಿ ವರ್ಷಾನುವರ್ಷ ಬೆಳೆಯುತ್ತಲೇ ಇದೆ. ಅಲ್ಲಿ ಉಳಿಯುವ ಅನುಮತಿ ಬೇರೆ, ಒಳಹೋಗಲು ಪಾಸ್‌ಪೋರ್ಟಿಗೆ ಹಾಕುವ ಮುದ್ರೆ ಬೇರೆ. ಅನುಮತಿ ಅಲ್ಲಿದ್ದಂತೆಯೇ ಮುಂದುವರಿದೀತು. ಮುದ್ರೆ ಮುಗಿದಿದ್ದರೆ ಊರಿಗೆ ಬಂದವನು ಕಾನ್ಸುಲೇಟಿನ ಸಂದರ್ಶನಕ್ಕೆ ಕಾಯಬೇಕು. 2025ರ ಡಿಸೆಂಬರಿನಲ್ಲಿ ಈ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋಗಿ, ರಜೆಗೆಂದು ಬಂದ ಎಷ್ಟೋ ಮಂದಿ ಇಲ್ಲಿಯೇ ಸಿಕ್ಕಿಕೊಂಡರು.

ದೊಡ್ಡ ಕಂಪನಿ ನೂರಾರು ಹೆಸರುಗಳನ್ನು ಬರೆಸುತ್ತದೆ. ಹತ್ತು ಬಿದ್ದುಹೋದರೂ ಅದರ ಕೆಲಸ ನಿಲ್ಲದು. ಇಪ್ಪತ್ತು ಜನರ ನವೋದ್ಯಮಕ್ಕೆ ಒಂದು ಚೀಟಿ ಬರದಿದ್ದರೆ ಕೆಲಸದ ಒಂದು ಭಾಗವೇ ನಿಂತೀತು. ಹಣ ಹೂಡಿದವರು ಕೈಬಿಟ್ಟರೆ ಕಂಪನಿಯೊಡನೆ ಕೆಲಸಗಾರನ ವಾಸವೂ ಅಲುಗಾಡುತ್ತದೆ. 2025ರ ಸೆಪ್ಟೆಂಬರಿನಲ್ಲಿ ಹೊರಟ ಘೋಷಣೆ, ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವ ಇಂಥ ಕೆಲಸಗಾರನಿಗೆ 1,00,000 ಡಾಲರು ತೆರಬೇಕೆಂದು ವಿಧಿಸಿತು. ಅದೇ ಡಿಸೆಂಬರಿನಲ್ಲಿ ಬಂದ ನಿಯಮ, ಹೆಚ್ಚು ಸಂಬಳದವನಿಗೆ ಆಯ್ಕೆಯಲ್ಲಿ ಹೆಚ್ಚು ಅವಕಾಶ ಕೊಡುತ್ತದೆ. ಕಡಿಮೆ ಸಂಬಳ ಕೊಟ್ಟು ಮುಂದಿನ ಪಾಲಿನ ಆಸೆ ತೋರಿಸುವ ಎಳೆಯ ಕಂಪನಿಗೆ ಎರಡೂ ತೊಡಕೇ. ಅಲ್ಲಿಯ ಕೆಲಸಗಾರರ ಸಂಬಳ ಕುಸಿಯಬಾರದೆಂಬ ಆ ದೇಶದವರ ವಾದವೂ ತಳ್ಳಿಹಾಕತಕ್ಕದ್ದಲ್ಲ. ಕಾದಂಬರಿಕಾರನಿಗೆ ಬೇಕಾದ ಇಬ್ಬಗೆ ಇಲ್ಲಿಯೇ ಇದೆ.

ಇದೆಲ್ಲ ಕಚೇರಿಯ ವಿಚಾರ, ಸಾಹಿತ್ಯಕ್ಕೆ ಇದರ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಡಾ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ನೆನೆಯೋಣ. ಬೇಸಾಯ ಮಾಡಬೇಕೆಂಬ ಚೋಮನ ಆಸೆ ಈಡೇರದೆ ಹೋದದ್ದು ಅವನ ಸ್ವಭಾವದ ಕುಂದಿನಿಂದಲ್ಲವೆಂದು ನಾವೆಲ್ಲ ಬಲ್ಲೆವು. ಭೂಮಿ ಯಾರದು, ಯಾರು ಉಳಬಹುದು, ಸಾಲಕ್ಕೆ ಯಾರು ಕಾಫಿ ತೋಟಕ್ಕೆ ಹೋಗಬೇಕು ಎಂಬ ಕಟ್ಟಳೆಗಳೆಲ್ಲ ಅಲ್ಲಿ ಕಥೆಯ ನರನಾಡಿಗಳಾಗಿವೆ. ಎಂಜಿನಿಯರನನ್ನು ಚೋಮನಿಗೆ ಹೋಲಿಸುವ ಅವಿವೇಕವನ್ನು ನಾನು ಮಾಡಲಾರೆ. ಅವನಿಗೆ ವಿದ್ಯೆಯಿದೆ, ಸಂಬಳವಿದೆ, ಹಿಂದಿರುಗಲು ಮನೆಯಿದೆ. ನಾನು ಹೇಳುವುದು ಓದಿನ ಕ್ರಮದ ಮಾತು. ಚೋಮನ ಕಥೆಯಲ್ಲಿ ಕಟ್ಟಳೆಯನ್ನು ಹುಡುಕುವ ನಾವು, ಪರದೇಶದ ಕಥೆಗೆ ಬಂದೊಡನೆ ಗುಣಾವಗುಣಗಳ ಪಟ್ಟಿ ಹಿಡಿದು ಕೂಡುತ್ತೇವೆ.

ಕನ್ನಡದಲ್ಲಿ ಈ ದಿಕ್ಕಿನ ಪ್ರಯತ್ನವೇ ಇಲ್ಲವೆಂದಲ್ಲ. ಅಮೆರಿಕದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ಕಾದಂಬರಿಯಲ್ಲಿ, ಮಿನಸೋಟದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಗ್ರೀನ್ ಕಾರ್ಡಿಗಾಗಿ ಕಾಯುತ್ತ ದುಡಿಯುವ ಭಾರತೀಯ ವೈದ್ಯರು ಬರುತ್ತಾರೆ; ನಿರಾಶ್ರಿತರಾಗಿ ಬಂದ ಇನ್ನೊಂದು ಜನಾಂಗವನ್ನು ಎದುರಾಗುತ್ತಾರೆ. ಒಬ್ಬ ಹೊರಗಿನವನು ಇನ್ನೊಬ್ಬ ಹೊರಗಿನವನನ್ನು ನೋಡುವ ಆ ನೋಟ ನಮ್ಮ ಕಥನಸಾಹಿತ್ಯಕ್ಕೆ ಹೊಸದು. ಕಾಯುವಿಕೆ ಅಲ್ಲಿ ಪಾತ್ರಗಳ ನಡೆನುಡಿಯನ್ನು ಒಳಗಿನಿಂದಲೇ ತಿದ್ದುತ್ತದೆ. ನವೋದ್ಯಮದ ಎಂಜಿನಿಯರನಿಗೂ ಇಂಥ ಒಬ್ಬ ಕಥೆಗಾರ ಬೇಕಾಗಿದ್ದಾನೆ. ಅವನು ದಿನವಿಡೀ ಏನು ಕಟ್ಟುತ್ತಾನೆ, ಮೇಲಿನವನೊಡನೆ ಜಗಳವಾಡಲು ಏಕೆ ಅಂಜುತ್ತಾನೆ, ತಾಯಿಯ ಸುದ್ದಿ ಬಂದ ರಾತ್ರಿ ಯಾವ ವಕೀಲನಿಗೆ ಫೋನು ಮಾಡುತ್ತಾನೆ ಎಂಬುದೆಲ್ಲ ಕನ್ನಡದ ಅನುಭವವೇ ಆಗಿದೆ.

ಮುಂದಿನ ತಿಂಗಳ ಕೂಟಕ್ಕೆ ‘ಹಿಜಾಬ್’ ಗೊತ್ತುಮಾಡಿದ್ದೇವೆ. ಅದರ ಒಂದು ಪ್ರತಿಯನ್ನು ಹಿಡಿದು ಮೊನ್ನೆ ನಾನೇ ಬ್ಯಾಡಗಿಗೆ ಹೋಗಿ ದಲಾಲರನ್ನು ಕಂಡೆ. ಅವರ ಮಗನ ವಿಷಯದಲ್ಲಿ ಹಿಂದೆ ನಾನು ಆಡಿದ್ದ ಮಾತನ್ನೂ ಒಪ್ಪಿಕೊಂಡೆ. “ಗೊತ್ತಿತ್ರಿ ಸರ” ಎಂದು, ಅವರು ಚಹಾ ತರಲು ಹುಡುಗನನ್ನು ಕಳಿಸಿದರು.